ಪತ್ತೇದಾರ ಗದುಗಿಗೂ ಬರಬೇಕು

ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಬರೆದನೆಂದು ನಾಡು ನಂಬಿರುವ ಭಾರತದಲ್ಲಿ ಅಪ್ಪಟ ಪತ್ತೇದಾರಿಯ ಪ್ರಸಂಗವೊಂದಿದೆ. ರಾತ್ರಿ ನಾಟ್ಯಶಾಲೆಗೆ ಹೋದ ಕೀಚಕ ಬೆಳಗಾಗುವಷ್ಟರಲ್ಲಿ ಹೆಣವಾಗಿದ್ದಾನೆ. ಆಯುಧದ ಗುರುತಿಲ್ಲ, ಕಣ್ಣಾರೆ ಕಂಡವರಿಲ್ಲ, ಮೈ ಮಾಂಸದ ಮುದ್ದೆಯಾಗಿ ಬಿದ್ದಿದೆ. ಗಂಧರ್ವರು ಕೊಂದರೆಂದು ಸೈರಂಧ್ರಿ ಹೇಳುತ್ತಾಳೆ. ವಿರಾಟನ ಊರು ಹೆದರಿ ಒಪ್ಪಿಕೊಳ್ಳುತ್ತದೆ. ಸುದ್ದಿ ಹಸ್ತಿನಾವತಿಗೆ ಮುಟ್ಟಿದಾಗ ಕೌರವನ ಓಲಗದಲ್ಲಿ ಮಾತ್ರ ಬೇರೆಯೇ ಲೆಕ್ಕ ನಡೆಯುತ್ತದೆ. ಕೀಚಕನಂಥವನನ್ನು ಬರಿಗೈಯಲ್ಲಿ ಕೊಲ್ಲಬಲ್ಲವರು ಲೋಕದಲ್ಲಿ ಎಷ್ಟು ಮಂದಿ? ಅವರಲ್ಲಿ ಈಗ ಎಲ್ಲಿದ್ದಾನೆಂದು ತಿಳಿಯದವನು ಯಾರು? ಲೆಕ್ಕ ಭೀಮನ ಮೇಲೆ ಬಂದು ನಿಲ್ಲುತ್ತದೆ. ಅಜ್ಞಾತವಾಸದಲ್ಲಿರುವ ಪಾಂಡವರ ಜಾಡು ಸಿಗುತ್ತದೆ. ಮಳೆ ಬಾರದ ವರ್ಷ ವಿರಾಟಪರ್ವ ಓದಿಸುವ ರೂಢಿ ನಮ್ಮಲ್ಲಿರುವುದರಿಂದ ಈ ತರ್ಕ ಅಕ್ಷರ ಬಾರದವರ ಕಿವಿಗೂ ಬಿದ್ದಿದೆ. ಅದಕ್ಕಿಂತ ಹಿಂದಿನ ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನೆಂಬ ಕಳ್ಳನೂ ಅವನನ್ನು ಹಿಡಿಯಬೇಕಾದ ತಳಾರನೂ ಇದ್ದಾರೆ. ಹಾಗಾಗಿ ಕೊಲೆ, ಕಳವು, ಸುಳಿವು, ಊಹೆ ಇವೆಲ್ಲ ಪರದೇಶದಿಂದ ಬಂದ ಸರಕೆಂದು ಹೇಳುವಂತಿಲ್ಲ. ಹೊರಗಿನಿಂದ ಬಂದದ್ದು ಒಬ್ಬ ವ್ಯಕ್ತಿ. ಅವನು ಅರಸನ ಆಳಲ್ಲ, ಪೊಲೀಸನೂ ಅಲ್ಲ. ಯಾರೋ ನೊಂದವರು ಬಾಗಿಲು ತಟ್ಟಿದರೆ ಕೊಲೆಗಾರನನ್ನು ಹುಡುಕಿಕೊಡಲು ಹೊರಡುವ ಖಾಸಗಿ ಪತ್ತೇದಾರ.

ಈ ವ್ಯಕ್ತಿ 1841ರಲ್ಲಿ ಎಡ್ಗರ್ ಅಲನ್ ಪೋ ಬರೆದ ಕತೆಯಲ್ಲಿ ಪ್ಯಾರಿಸ್ಸಿನಲ್ಲಿ ಕಾಣಿಸಿಕೊಂಡ, 1887ರಲ್ಲಿ ಕಾನನ್ ಡಾಯ್ಲ್‌ನ ಷರ್ಲಾಕ್ ಹೋಮ್ಸ್ ಆಗಿ ಲಂಡನ್ನಿನಲ್ಲಿ ಮನೆ ಮಾಡಿದ, 1932ರಲ್ಲಿ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ ಬಕ್ಷಿಯಾಗಿ ಕಲ್ಕತ್ತೆಗೆ ಬಂದ. ಕನ್ನಡದಲ್ಲಿ ಅವನಿಗೆ ಮನೆಮಾತಿನ ಹೆಸರು ಕೊಟ್ಟವರು ಎನ್. ನರಸಿಂಹಯ್ಯ. ಶಾಲೆಯ ಮೆಟ್ಟಿಲನ್ನು ಪೂರ್ತಿ ಹತ್ತಲಾಗದ ಈ ಲೇಖಕರು (1925–2011) 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಇವರೆಲ್ಲ ಅವರ ಸೃಷ್ಟಿ. ಕನ್ನಡ ಬಾವುಟವನ್ನು ರೂಪಿಸಿದ ಎಂ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿ, ಸರ್ಕ್ಯುಲೇಟಿಂಗ್ ಲೈಬ್ರರಿ, ಕೈಯಿಂದ ಕೈಗೆ ದಾಟಿ ಮೂಲೆ ಮುದುಡಿದ ಹಾಳೆಗಳು — ಈ ದಾರಿಯಲ್ಲಿ ಅವು ನಾಡನ್ನೆಲ್ಲ ಸುತ್ತಿದವು. ಹೆಚ್ಚು ಶಾಲೆ ಕಲಿಯದ ಎಷ್ಟೋ ಮಂದಿಗೆ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಬಲ್ಲೆನೆಂಬ ಧೈರ್ಯ ಕೊಟ್ಟವು. ಇದು ಸಣ್ಣ ಕೆಲಸವಲ್ಲ. ವಿಮರ್ಶೆ ಇದನ್ನು ಸಾಕಷ್ಟು ಗೌರವಿಸಿಲ್ಲ. ಆದರೂ ಒಂದು ಕೊರತೆ ಹಾಗೇ ಉಳಿದಿದೆ. ಕನ್ನಡದ ಖಾಸಗಿ ಪತ್ತೇದಾರ ಮಹಾನಗರ ಬಿಟ್ಟು ಬರಲಿಲ್ಲ. ಲಾಡ್ಜು, ಕ್ಲಬ್ಬು, ಬಂಗಲೆ, ಕಾರು ಇವುಗಳ ನಡುವೆಯೇ ಅವನ ಓಡಾಟ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳಿಗೆ ಅವನು ಬಂದರೆ ಕನ್ನಡದ ಕೊಲೆ ಕಾದಂಬರಿಯ ಪ್ರಶ್ನೆಯೇ ಬದಲಾಗುತ್ತದೆ, ಇನ್ನೂ ದೊಡ್ಡದಾಗುತ್ತದೆ ಎಂಬುದು ಈ ಲೇಖನದ ವಾದ.

ನಗರದ ಕೊಲೆ ಕಾದಂಬರಿ ನಿಂತಿರುವುದು ಅಪರಿಚಿತತೆಯ ಮೇಲೆ. ಪಕ್ಕದ ಮನೆಯವನು ಯಾರೆಂದು ಗೊತ್ತಿಲ್ಲ, ಸತ್ತವನ ಹಿಂದಿನ ಬದುಕು ಗೊತ್ತಿಲ್ಲ, ಆದ್ದರಿಂದ ಕಂಡುಹಿಡಿಯುವವನೊಬ್ಬ ಬೇಕು. ನಮ್ಮ ಭಾಗದ ಊರುಗಳಲ್ಲಿ ಗುಟ್ಟು ಅಷ್ಟು ದಿನ ಗುಟ್ಟಾಗಿ ಉಳಿಯುವುದಿಲ್ಲ. ಯಾರ ಹೊಲದ ಬದುವಿನ ಜಗಳ ಎಷ್ಟು ವರ್ಷದ್ದು, ಯಾರ ಮನೆಯ ಹೆಣ್ಣುಮಗಳು ತವರಿಗೆ ಯಾಕೆ ಬಂದು ಕುಳಿತಳು, ಯಾರು ಯಾರ ಹತ್ತಿರ ಬಡ್ಡಿಗೆ ರೊಕ್ಕ ತಂದರು, ಎಲ್ಲವೂ ಕಟ್ಟೆಯ ಮೇಲೆ ಕುಳಿತವರಿಗೆ ಗೊತ್ತು. ಬೈಲಹೊಂಗಲದಲ್ಲಿ ನಡೆದ ಕೊಲೆಯ ಕತೆಯೆಂದು ಜನ ನಂಬುವ ಸಂಗ್ಯಾ ಬಾಳ್ಯಾ ಸಣ್ಣಾಟವನ್ನು ನೋಡಿ. ಇರ್‍ಯಾನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಮನಸ್ಸು, ನಡುವೆ ಗೆಳೆಯ ಬಾಳ್ಯಾ, ಕೊನೆಗೆ ಅದೇ ಗೆಳೆಯನ ದ್ರೋಹದಿಂದ ಸಂಗ್ಯಾನ ಕೊಲೆ. ಆಟಕ್ಕೆ ಕುಳಿತ ಪ್ರತಿಯೊಬ್ಬನಿಗೂ ಕೊಂದವರು ಯಾರೆಂದು ಮೊದಲೇ ಗೊತ್ತು. ಆದರೂ ರಾತ್ರಿಯಿಡೀ ಎದ್ದಿರುತ್ತಾರೆ. ಅವರನ್ನು ಹಿಡಿದು ಕೂಡಿಸುವ ಪ್ರಶ್ನೆ ಕೊಂದವರು ಯಾರೆಂಬುದಲ್ಲ. ಇಷ್ಟು ಜನರ ಕಣ್ಣೆದುರು ಬೆಳೆದುಬಂದ ಈ ಹಗೆಯನ್ನು ಯಾರೂ ಯಾಕೆ ತಡೆಯಲಿಲ್ಲ ಎಂಬುದು. ಗದಗ ಸೀಮೆಯಲ್ಲಿ ಬರೆಯುವ ಕೊಲೆ ಕಾದಂಬರಿ ಹಿಡಿಯಬೇಕಾದ ಎಳೆ ಇಲ್ಲಿದೆ. ಇಲ್ಲಿ ಪತ್ತೇದಾರನ ಕೆಲಸ ಗೊತ್ತಿಲ್ಲದ್ದನ್ನು ಕಂಡುಹಿಡಿಯುವುದಕ್ಕಿಂತ, ಎಲ್ಲರಿಗೂ ಗೊತ್ತಿದ್ದೂ ಯಾರೂ ಹೇಳದ ಮಾತನ್ನು ಸಾಕ್ಷಿಯಾಗಿ ಮಾಡುವುದು.

ಗೊತ್ತಿರುವುದಕ್ಕೂ ಸಾಕ್ಷಿಗೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಕನ್ನಡದ ಪತ್ತೇದಾರಿ ಕಾದಂಬರಿ ಓದುಗನಿಗೆ ಸರಿಯಾಗಿ ತೋರಿಸಿಯೇ ಇಲ್ಲ. ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ ಪತ್ತೇದಾರ ಬೆರಳು ತೋರಿಸುತ್ತಾನೆ, ಕೊಲೆಗಾರ ತಪ್ಪೊಪ್ಪಿಕೊಳ್ಳುತ್ತಾನೆ, ಇನ್‌ಸ್ಪೆಕ್ಟರು ಬೇಡಿ ಹಾಕುತ್ತಾರೆ, ಪುಸ್ತಕ ಮುಗಿಯುತ್ತದೆ. ನಿಜವಾದ ಪ್ರಕರಣದ ಕಷ್ಟ ಶುರುವಾಗುವುದೇ ಅಲ್ಲಿಂದ. ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಮಾಡಿಕೊಂಡ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ನಿಯಮವನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಅವನು ಹೇಳಿದ ಮಾತಿನಿಂದ ಹೊಸದೊಂದು ವಸ್ತು, ಬಚ್ಚಿಟ್ಟ ಕೊಡಲಿಯೋ ರಕ್ತ ಹತ್ತಿದ ಅಂಗಿಯೋ, ಸಿಕ್ಕರೆ ಮಾತ್ರ ಆ ವಸ್ತುವಿಗೆ ಸಂಬಂಧಿಸಿದಷ್ಟು ಮಾತಿಗೆ ಬೆಲೆ. ಪೊಲೀಸರು ಬರೆದುಕೊಂಡ ಸಾಕ್ಷಿಯ ಹೇಳಿಕೆಯೂ ತಾನಾಗಿ ಪುರಾವೆಯಲ್ಲ. ಆ ಸಾಕ್ಷಿ ಎಷ್ಟೋ ಕಾಲದ ಮೇಲೆ ಕೋರ್ಟಿನ ಕಟಕಟೆ ಹತ್ತಿ, ಆರೋಪಿಯ ಎದುರಿಗೇ ಮತ್ತೊಮ್ಮೆ ಹೇಳಬೇಕು, ಪಾಟೀಸವಾಲಿಗೆ ನಿಲ್ಲಬೇಕು. ಕಣ್ಣಾರೆ ಕಂಡವರಿಲ್ಲದ ಪ್ರಕರಣಗಳಿಗೆ ಸುಪ್ರೀಂ ಕೋರ್ಟ್ 1984ರ ಒಂದು ತೀರ್ಪಿನಲ್ಲಿ ಐದು ಸೂತ್ರ ಹೇಳಿ, ಅವನ್ನು ಪಂಚಶೀಲವೆಂದೇ ಕರೆಯಿತು. ಸುಳಿವುಗಳ ಸರಪಳಿ ಎಲ್ಲೂ ಕಡಿಯಬಾರದು, ಆರೋಪಿಯೇ ಅಪರಾಧಿ ಎಂಬುದನ್ನು ಬಿಟ್ಟು ಬೇರೆ ಯಾವ ಸಾಧ್ಯತೆಗೂ ಅದರಲ್ಲಿ ಜಾಗ ಉಳಿಯಬಾರದು ಎಂಬುದು ಅದರ ಸಾರ. ಹೋಮ್ಸ್‌ನ ಎಷ್ಟು ತರ್ಕಗಳು ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ ಎಂದು ಯೋಚಿಸಬೇಕಾದದ್ದೇ.

ಇನ್ನು ಪಂಚರ ಮಾತು. ಶವದ ಪಂಚನಾಮೆಗೆ, ವಸ್ತುವಿನ ಜಪ್ತಿಗೆ ಪೊಲೀಸರು ಅದೇ ಊರಿನ ಇಬ್ಬರನ್ನು ಪಂಚರೆಂದು ಕರೆದು ಸಹಿ ಹಾಕಿಸುತ್ತಾರೆ. ಸಹಿ ಹಾಕಿದವರು ಮರುದಿನವೂ ಅದೇ ಓಣಿಯಲ್ಲಿ ಬಾಳಬೇಕು, ಆರೋಪಿಯ ಅಣ್ಣತಮ್ಮಂದಿರ ಕಿರಾಣಿ ಅಂಗಡಿಯಲ್ಲೇ ಎಣ್ಣೆ, ಬೆಲ್ಲ ತರಬೇಕು. ಕೋರ್ಟಿನಲ್ಲಿ ಕರೆದಾಗ ‘ಪೊಲೀಸರು ಸಹಿ ಮಾಡು ಅಂದ್ರು, ಮಾಡಿದೆ, ಏನ್ ಬರದಿತ್ತೋ ಗೊತ್ತಿಲ್ರಿ’ ಎನ್ನುತ್ತಾರೆ. ಸಾಕ್ಷಿ ತಿರುಗಿಬಿತ್ತು ಎಂದು ನ್ಯಾಯಾಲಯ ಬರೆದುಕೊಳ್ಳುತ್ತದೆ. ಇದರಲ್ಲಿ ಹೇಡಿತನವನ್ನಷ್ಟೇ ಕಾಣುವುದು ಅನ್ಯಾಯ; ಸಾಕ್ಷಿ ಹೇಳಿದವನ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬ ಭಯ ಅಲ್ಲಿದೆ. ಸಾಕ್ಷಿಗಳ ರಕ್ಷಣೆಗೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆಯೊಂದಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಕೊಲೆಯಂಥ ಗಂಭೀರ ಪ್ರಕರಣದಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಬೇಕು, ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ಹೋಗಬೇಕು. ಕಾನೂನು ಇಷ್ಟು ಮಾಡಿದ ಮೇಲೂ ಊರಿನ ಮೌನವನ್ನು ಒಡೆಯುವ ಕೆಲಸ ಉಳಿಯುತ್ತದೆ. ಒಂದು ಕಾದಂಬರಿಗೆ ಇದಕ್ಕಿಂತ ಬಿಗಿಯಾದ ವಸ್ತು ಬೇಕೆ?

ಇಲ್ಲಿ ಕಾನೂನು ಬಲ್ಲವರು ಒಂದು ತಕರಾರು ತೆಗೆಯುತ್ತಾರೆ, ಅದು ತೂಕದ ತಕರಾರು. ಭಾರತದಲ್ಲಿ ಖಾಸಗಿ ಪತ್ತೇದಾರನಿಗೆ ಕೊಲೆಯ ತನಿಖೆ ಮಾಡುವ ಯಾವ ಅಧಿಕಾರವೂ ಇಲ್ಲ. ಖಾಸಗಿ ಭದ್ರತಾ ಸಂಸ್ಥೆಗಳಿಗೆ 2005ರಲ್ಲಿ ಕಾನೂನು ಬಂತು. ಪತ್ತೇದಾರಿ ಸಂಸ್ಥೆಗಳಿಗಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾನೂನಾಗಲೇ ಇಲ್ಲ. ನಗರಗಳಲ್ಲಿರುವ ಸಂಸ್ಥೆಗಳಿಗೆ ಮದುವೆಗೆ ಮುಂಚಿನ ವಿಚಾರಣೆ, ವಿಮೆ ಕಂಪನಿಗಳ ಪರಿಶೀಲನೆ, ನೌಕರಿಗೆ ಬರುವವರ ಪೂರ್ವಾಪರ ಇವೇ ಕಸುಬು. ಅವರು ಮನೆ ಶೋಧಿಸುವಂತಿಲ್ಲ, ಯಾರನ್ನೂ ಕರೆಸಿ ಕೂಡಿಸುವಂತಿಲ್ಲ, ಫೋನಿನ ದಾಖಲೆ ತರಿಸುವಂತಿಲ್ಲ. ಹಾಗಿರುವಾಗ ಖಾಸಗಿಯವನೊಬ್ಬ ಕೊಲೆ ಪತ್ತೆ ಮಾಡಿದನೆಂದು ಬರೆಯುವುದು ಓದುಗನಿಗೆ ಸುಳ್ಳು ಹೇಳಿದಂತಲ್ಲವೇ? ಅಧಿಕಾರವಿದೆಯೆಂದು ಬರೆದರೆ ಸುಳ್ಳೇ ಸರಿ. ಅಧಿಕಾರವಿಲ್ಲದೆ ಅವನು ಏನು ಮಾಡಬಲ್ಲ ಎಂದು ಬರೆದರೆ ಅದು ಸತ್ಯಕ್ಕೆ ಹತ್ತಿರವಾಗುತ್ತದೆ. ಅವನಿಗೆ ಇರುವುದು ಒಂದೇ ಬಲ: ಜನ ಅವನ ಮುಂದೆ ಬಾಯಿ ಬಿಡುತ್ತಾರೆ. ತಪ್ಪೊಪ್ಪಿಗೆಗೆ ಪೊಲೀಸರ ವಿಷಯದಲ್ಲಿರುವ ಆ ತಡೆ ಖಾಸಗಿ ವ್ಯಕ್ತಿಯ ಮುಂದೆ ಆಡಿದ ಮಾತಿಗೆ ಇಲ್ಲ; ಸ್ವಇಚ್ಛೆಯಿಂದ ಆಡಿದ್ದೆಂದು ಕಂಡರೆ ನ್ಯಾಯಾಲಯ ಅದನ್ನು ನೋಡಬಹುದು, ಆದರೆ ದುರ್ಬಲ ಸಾಕ್ಷ್ಯವೆಂದು ತಿಳಿದು ಬೇರೆ ಆಧಾರ ಕೇಳುತ್ತದೆ. ಎಲ್ಲರೆದುರು ತಪ್ಪೊಪ್ಪಿಕೊಳ್ಳುವ ಆ ಕೊನೆಯ ಕೋಣೆಯ ದೃಶ್ಯವನ್ನು ಇಷ್ಟು ತಿಳಿದು ಬರೆದರೆ ಅದಕ್ಕೆ ಹೊಸ ಜೀವ ಬರುತ್ತದೆ. ಪತ್ತೇದಾರ ಕೇಳಿಸಿಕೊಂಡ, ನಿಜ. ಈಗ ಅವನೇ ಕಟಕಟೆ ಹತ್ತಬೇಕು.

ಅಂಥ ಪತ್ತೇದಾರ ನಮ್ಮಲ್ಲಿ ಯಾರಾಗಬಹುದು? ಓವರ್‌ಕೋಟು ತೊಟ್ಟವನಂತೂ ಅಲ್ಲ. ತಹಶೀಲ್ದಾರ್ ಕಚೇರಿಯ ಮುಂದೆ ಮೂವತ್ತು ವರ್ಷ ಅರ್ಜಿ ಬರೆದುಕೊಟ್ಟವನಾಗಬಹುದು; ಯಾವ ಹೊಲ ಯಾರ ಹೆಸರಿನಿಂದ ಯಾರ ಹೆಸರಿಗೆ ಹೋಯಿತೆಂದು ಅವನ ನಾಲಗೆಯ ತುದಿಯಲ್ಲಿರುತ್ತದೆ. ಆಶಾ ಕಾರ್ಯಕರ್ತೆಯಾಗಬಹುದು, ಅವಳು ಹೋಗದ ಅಡುಗೆಮನೆಯಿಲ್ಲ, ಅವಳಿಗೆ ಹೇಳದ ದುಃಖವಿಲ್ಲ. ಇಂಗ್ಲೆಂಡಿನಲ್ಲಿ ಅಗಾಥಾ ಕ್ರಿಸ್ಟಿ 1930ರಲ್ಲಿ ಸಣ್ಣ ಹಳ್ಳಿಯ ಮುದುಕಿ ಮಿಸ್ ಮಾರ್ಪಲ್‌ಳನ್ನು ಕಾದಂಬರಿಗೆ ತಂದದ್ದು ಇದೇ ನಂಬಿಕೆಯಿಂದ: ಊರನ್ನು ಬಲ್ಲವರೇ ಕೊಲೆಯನ್ನು ಬಲ್ಲವರು.

ಸುಳಿವುಗಳಿಗೂ ಇಲ್ಲಿ ಬರವಿಲ್ಲ. ಬೆಟಗೇರಿಯ ನೇಕಾರ ಓಣಿಯನ್ನು ತೆಗೆದುಕೊಳ್ಳಿ. ವಿದ್ಯುತ್ ಮಗ್ಗಗಳು ಓಡುತ್ತಿದ್ದರೆ ಪಕ್ಕದ ಮನೆಯಲ್ಲಿ ಕೂಗಿಕೊಂಡರೂ ಕೇಳಿಸದು. ಕರೆಂಟು ಹೋಯಿತೋ, ಇಡೀ ಓಣಿಯ ಮಗ್ಗ ಒಂದೇ ಸಲ ನಿಲ್ಲುತ್ತವೆ. ಕೂಗು ಕೇಳಿಸಿತೆಂದು ಒಬ್ಬಳು ಹೇಳಿದರೆ ಅದು ಮಗ್ಗ ನಿಂತ ಹೊತ್ತೇ ಆಗಿರಬೇಕು. ಆ ಹೊತ್ತು ಎಷ್ಟೆಂದು ಹೆಸ್ಕಾಂ ಸಬ್‌ಸ್ಟೇಷನ್ನಿನ ದಾಖಲೆಯಲ್ಲಿ ನಿಮಿಷ ಸಮೇತ ಸಿಗುತ್ತದೆ. ಕೂಗು ಕೇಳಿಸಲೇ ಇಲ್ಲ ಎಂದವರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆಂದೂ ಅದೇ ದಾಖಲೆ ಹೇಳಬಲ್ಲದು. ಅಥವಾ ಮುದ್ರಣ ಕಾಶಿಯೆಂದು ಹೆಸರಾದ ಗದುಗಿನ ಪ್ರೆಸ್ಸುಗಳನ್ನು ನೋಡಿ. ಯಾವ ಕಾಗದ ಅಚ್ಚು ಹಾಕಿದರೂ ಮುದ್ರಕನ ಹೆಸರು, ಸ್ಥಳ ಇರಲೇಬೇಕೆಂದು 1867ರ ಕಾನೂನು ವಿಧಿಸಿತ್ತು. ಹೆಸರಿಲ್ಲದ ಒಂದು ಬೆದರಿಕೆಯ ಕರಪತ್ರ ಕೊಲೆಗೆ ಮುನ್ನ ಹಂಚಿಕೆಯಾಗಿದೆ ಎಂದುಕೊಳ್ಳಿ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಪ್ರತಿ ಪ್ರೆಸ್ಸಿನ ಅಚ್ಚುಮೊಳೆಗೂ ತನ್ನದೇ ಸವೆತ. ಒಂದರಲ್ಲಿ ‘ಳ’ದ ಬಾಲ ಮುರಿದಿರುತ್ತದೆ, ಇನ್ನೊಂದರಲ್ಲಿ ‘ರ’ದ ಒತ್ತು ಮಾಸಿರುತ್ತದೆ. ಹಳೆಯ ಕಂಪೋಸಿಟರ್ ಒಬ್ಬ ಆ ಕಾಗದವನ್ನು ಬೆಳಕಿಗೆ ಹಿಡಿದು, ಅದೇ ಪ್ರೆಸ್ಸಿನ ಹಳೆಯ ಲಗ್ನಪತ್ರಿಕೆಯ ಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಐತಿಹಾಸಿಕ ಥ್ರಿಲ್ಲರ್ ಬರೆಯುವವರಿಗಂತೂ ಈ ನೆಲ ಹೇಳಿಮಾಡಿಸಿದ್ದು. 1948ಕ್ಕೆ ಮುಂಚೆ ಗದಗ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು, ಅದರ ಮಗ್ಗುಲಿನ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ತುಂಗಭದ್ರೆ ದಾಟಿ ಹಡಗಲಿಗೆ ಹೋದರೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಪೂರ್ವಕ್ಕೆ ಕೊಪ್ಪಳದ ಕಡೆ ಹೊರಟರೆ ನಿಜಾಮನ ರಾಜ್ಯ. ಗದುಗಿನಲ್ಲಿ ಕೊಲೆ ಮಾಡಿ ಚಕ್ಕಡಿ ಹೂಡಿ ಹೊರಟವನು ಒಂದೆರಡು ದಿನದಲ್ಲಿ ನಾಲ್ಕು ಬೇರೆ ಆಡಳಿತಗಳಲ್ಲಿ ಯಾವುದರಲ್ಲಾದರೂ ತಲೆಮರೆಸಿಕೊಳ್ಳಬಹುದಿತ್ತು. ಸಂಸ್ಥಾನದ ಗಡಿಯಾಚೆ ಕಾಲಿಟ್ಟರೆ ಈಚೆಯ ಪೊಲೀಸರ ಕೈ ಕಟ್ಟಿದಂತೆ. ಪತ್ರ ಬರೆದು, ಒಪ್ಪಿಗೆ ಪಡೆದು ಅವನನ್ನು ತರಿಸಿಕೊಳ್ಳಬೇಕು. ಯಾವ ಸರ್ಕಾರದ ಆಳೂ ಅಲ್ಲದವನಿಗೆ ಮಾತ್ರ ಆ ಗಡಿಗಳು ಅಡ್ಡ ಬರುತ್ತಿರಲಿಲ್ಲ. ಖಾಸಗಿ ಪತ್ತೇದಾರ ಬೇಕೇಬೇಕು ಎನಿಸುವಂಥ ಇಂಥ ಸನ್ನಿವೇಶ ಲಂಡನ್ನಿನಲ್ಲೂ ಇರಲಿಲ್ಲ. ಇವತ್ತಿಗೂ ತುಂಗಭದ್ರೆಯ ಒಂದು ದಡ ಗದಗ ಜಿಲ್ಲೆ, ಎದುರಿನ ದಡ ವಿಜಯನಗರ ಜಿಲ್ಲೆ. ಹೊಳೆಯಲ್ಲಿ ತೇಲಿಬಂದ ಹೆಣ ಯಾವ ಠಾಣೆಯದೆಂಬ ಪ್ರಶ್ನೆಯಿಂದಲೇ ಒಂದು ಕಾದಂಬರಿ ಶುರುವಾಗಬಹುದು.

ಓದುಗ ಪತ್ತೇದಾರಿ ಕಾದಂಬರಿ ಹಿಡಿಯುವುದೇ ತನ್ನ ಊರಿನಿಂದ ಸ್ವಲ್ಪ ಹೊತ್ತು ಹೊರಗೆ ಹೋಗಲು, ಅವನ ಊರನ್ನೇ ಅವನ ಮುಂದಿಟ್ಟರೆ ಯಾರು ಕೊಳ್ಳುತ್ತಾರೆ ಎಂದು ಪ್ರಕಾಶಕರು ಕೇಳಬಹುದು. ಇದಕ್ಕೆ ಉತ್ತರ ಕನ್ನಡದಲ್ಲೇ ಇದೆ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ 1985ರಲ್ಲಿ ಬಂತು, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ರಹಸ್ಯ ಬೆನ್ನತ್ತಿ ಅಂಗಡಿ ಎಂಬ ಅಧಿಕಾರಿ ಬರುವುದು ಮಲೆನಾಡಿನ ಸಣ್ಣ ಊರು ಕೆಸರೂರಿಗೆ. ತನಿಖೆ ಮುಂದುವರಿದಂತೆ ಊರಿನ ಜಾತಿ, ಮೂಢನಂಬಿಕೆ, ರಾಜಕಾರಣ, ಯುವಕರ ಆವೇಶ ಒಂದೊಂದೇ ಬಯಲಾಗುತ್ತವೆ. ಆ ಕಾದಂಬರಿಯನ್ನು ಓದುಗರೂ ಒಪ್ಪಿದರು, ವಿಮರ್ಶಕರೂ ಒಪ್ಪಿದರು. 2014ರ ‘ಉಳಿದವರು ಕಂಡಂತೆ’ ಸಿನಿಮಾ ಮಲ್ಪೆಯ ಬಂದರಿನಲ್ಲಿ ನಡೆದ ಒಂದು ಕೊಲೆಯನ್ನು ಹಲವರ ಬಾಯಿಂದ ಹೇಳಿಸಿತು. ಆ ಊರಿನ ಭಾಷೆ, ಹುಲಿವೇಷ ಎಲ್ಲ ಸೇರಿಯೇ ಅದರ ಬಿಗಿ. ಸ್ವೀಡನ್ನಿನಲ್ಲಿ ಹೆನಿಂಗ್ ಮ್ಯಾಂಕೆಲ್ 1991ರಿಂದ ಇಸ್ತಾದ್ ಎಂಬ ಸಣ್ಣ ಊರಲ್ಲಿ ಕೊಲೆಗಳ ಕತೆ ಹೇಳತೊಡಗಿದ ಮೇಲೆ ಆ ಊರನ್ನು ನೋಡಲೆಂದೇ ಪ್ರವಾಸಿಗರು ಬರುವಂತಾಯಿತು. ಮಲೆನಾಡಿಗೆ, ಕರಾವಳಿಗೆ ಸಂದ ಈ ಗೌರವ ಬಯಲುಸೀಮೆಯ ಎರೆಹೊಲಗಳಿಗೆ ಇನ್ನೂ ಸಿಕ್ಕಿಲ್ಲ.

ನನ್ನ ಮಟ್ಟಿಗೆ ಹೆಚ್ಚು ಯೋಚಿಸಬೇಕಾದ ಆಕ್ಷೇಪ ಬೇರೆಯದು. ಸಣ್ಣ ಊರನ್ನು ಹೆಸರಿಟ್ಟು ಬರೆದರೆ ಅಡ್ಡಹೆಸರಿನಿಂದಲೇ ಜಾತಿ ತಿಳಿಯುತ್ತದೆ, ಓಣಿಯಿಂದ ಮನೆ ತಿಳಿಯುತ್ತದೆ. ಹಿಂದೆಂದೋ ನಡೆದ ಕೊಲೆಯ ಗಾಯ ಮಾಯದ ಕುಟುಂಬಗಳು ಅಲ್ಲೇ ಬಾಳುತ್ತಿರುತ್ತವೆ. ಕಲ್ಪನೆಯ ಹೆಸರಿನಲ್ಲಿ ಅವರನ್ನು ಮತ್ತೆ ಬೀದಿಗೆ ತಂದರೆ ಹೇಗೆ? ಈ ಭಯ ನ್ಯಾಯವಾದದ್ದು. ನಡೆದ ಪ್ರಕರಣವನ್ನು ಹೆಸರು ಬದಲಿಸಿ ಕಾದಂಬರಿ ಮಾಡುವವರು ಬರೆಯದಿರುವುದೇ ಒಳ್ಳೆಯದು. ಆದರೆ ಪತ್ತೇದಾರಿ ಕಾದಂಬರಿಯ ಕಟ್ಟಳೆಯೇ ಈ ಭಯಕ್ಕೆ ಮದ್ದು. ಅದು ಎಲ್ಲರ ಮೇಲೂ ಸಂಶಯ ತರುತ್ತದೆ, ಆಮೇಲೆ ಒಬ್ಬೊಬ್ಬರನ್ನೇ ಆಧಾರ ಕೊಟ್ಟು ಆ ಸಂಶಯದಿಂದ ಬಿಡಿಸುತ್ತದೆ. ಪುಸ್ತಕದ ಬಹುಪಾಲು ಪುಟಗಳು ಅಪರಾಧಿಯನ್ನು ಹಿಡಿಯುವುದಕ್ಕಿಂತ ನಿರಪರಾಧಿಗಳನ್ನು ಬಿಡಿಸುವುದಕ್ಕೇ ಖರ್ಚಾಗುತ್ತವೆ. ಇಂದು ಊರಲ್ಲಿ ಒಂದು ಸಾವಾದರೆ ಗಂಟೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಸಮೇತ ಅಪರಾಧಿ ತೀರ್ಮಾನವಾಗಿರುತ್ತಾನೆ, ಅವನ ಜಾತಿ, ಧರ್ಮದ ಮೇಲೂ ತೀರ್ಪು ಬಿದ್ದಿರುತ್ತದೆ. ನಮಗೆ ಗೊತ್ತಿದೆ ಎಂದುಕೊಂಡದ್ದು ಎಷ್ಟೋ ಸಲ ಗೊತ್ತಿರುವುದೇ ಇಲ್ಲ, ಬರೀ ಹಗೆಯಾಗಿರುತ್ತದೆ. ಊರಿಗೆಲ್ಲ ಗೊತ್ತಿದ್ದ ಕೊಲೆಗಾರ ನಿರಪರಾಧಿಯೆಂದು ಇನ್ನೂರನೆಯ ಪುಟದಲ್ಲಿ ತಿಳಿದು ಓದುಗ ಬೆಚ್ಚುವಂತೆ ಬರೆದ ಒಂದು ಕಾದಂಬರಿ, ಅದೂ ಅವನದೇ ಊರಿನಲ್ಲಿ ನಡೆಯುವಂಥದ್ದು, ಯಾವ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಇದಕ್ಕೆ ಬೇಕಾದುದೆಲ್ಲ ಇಲ್ಲೇ ಇದೆ: ಅಚ್ಚಿನ ಮ­ನೆಗಳಿವೆ, ಓದುವ ಜನರಿದ್ದಾರೆ, ಕತೆಯನ್ನು ರಾತ್ರಿಯಿಡೀ ಎಳೆಯಬಲ್ಲ ಸಣ್ಣಾಟದ ಪರಂಪರೆಯಿದೆ. ಗ್ರಂಥಾಲಯಗಳಲ್ಲಿ ಉಳಿದಿರುವ ಹಳೆಯ ಪತ್ತೇದಾರಿ ಕಾದಂಬರಿಗಳನ್ನು ರದ್ದಿಗೆ ಹಾಕಬೇಡಿ. ಅಗ್ಗದ ಕಾಗದ ಪುಡಿಯಾಗುವ ಮುಂಚೆ ಅವುಗಳ ಪ್ರತಿ ಮಾಡಿಡಿ. ಹೊಸದಾಗಿ ಬರೆಯಬೇಕೆನ್ನುವ ತರುಣ ತರುಣಿಯರು ಮೊದಲ ಅಧ್ಯಾಯಕ್ಕೆ ಕೈಹಾಕುವ ಮುನ್ನ ಗದುಗಿನ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ, ಒಂದು ಕೊಲೆ ಪ್ರಕರಣದ ಸಾಕ್ಷಿ ವಿಚಾರಣೆಯನ್ನು ಬೆಳಗಿನಿಂದ ಸಂಜೆಯವರೆಗೆ ಕುಳಿತು ಕೇಳಲಿ. ಕ್ರಿಮಿನಲ್ ವಿಚಾರಣೆ ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ. ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು.